ಹಸಿದವನಿಗೇಕೆ ಉಪವಾಸ?

ರಮಝಾನ್ ಸಮೀಪಿಸುತ್ತಿದ್ದಂತೆ ಕನ್ನಡದ ಪತ್ರಿಕೆಗಳಲ್ಲಿ ಉಪವಾಸದ ಕುರಿತ ಲೇಖನಗಳು ಕಾಣಿಸಿಕೊಳ್ಳುತ್ತವೆ. ದಿನಪತ್ರಿಕೆಗಳು ಒಂದು ಪುಟ ಬಿಟ್ಟುಕೊಡುತ್ತವೆ, ಮಾಸಿಕಗಳು ವಿಶೇಷ ಸಂಚಿಕೆಯನ್ನೇ ತರುತ್ತವೆ. ಅಂತಹ ಲೇಖನಗಳನ್ನು ನಾವು ಓದಿದ್ದೇವೆ, ಬರೆದೂ ಇದ್ದೇವೆ. ಬರೆದವರಿಗೆ ಕರ್ತವ್ಯ ಮುಗಿಸಿದ ತೃಪ್ತಿ, ಓದಿದವರಿಗೆ ಗೊತ್ತಿದ್ದ ವಿಷಯವನ್ನೇ ಮತ್ತೊಮ್ಮೆ ಓದಿದ ಸಮಾಧಾನ. ಆದರೆ ಈ ಬರಹಗಳು ಉಪವಾಸದ ನಿಜವಾದ ಅರ್ಥವನ್ನು ಓದುಗರಿಗೆ ಮುಟ್ಟಿಸುತ್ತಿವೆಯೇ? ಈ ಪ್ರಶ್ನೆಯನ್ನು ನಾವು ನಮಗೆ ಕೇಳಿಕೊಂಡವರಲ್ಲ. ಅದನ್ನು ನಮಗೆ ಕೇಳಿದವರು ಓದು ಬರಹ ಬಾರದ ಒಬ್ಬ ಹಿರಿಯರು.

ಕೆಲವು ವರ್ಷಗಳ ಹಿಂದೆ ರಮಝಾನ್‌ನ ಒಂದು ಸಂಜೆ ನಾವು ಚಿಗಟೇರಿಯಲ್ಲಿದ್ದೆವು. ಹರಪನಹಳ್ಳಿ ತಾಲೂಕಿನ ಈ ಊರು ನಾರದಮುನಿಯ ದೇವಾಲಯಕ್ಕೆ ಹೆಸರಾದದ್ದು. ಊರನ್ನು ನೋಡದವರೂ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿಂದಾಗಿ ಅದರ ಹೆಸರನ್ನು ಬಲ್ಲರು. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲೂಕು 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಇಪ್ಪತ್ತೈದು ವರ್ಷಗಳೊಳಗೆ ವಿಳಾಸ ಮೂರು ಬಾರಿ ಬದಲಾದರೂ ಬದುಕು ಅಷ್ಟಾಗಿ ಬದಲಾಗಿಲ್ಲ. ಮಳೆಯನ್ನು ನಂಬಿದ ಜೋಳ, ಮೆಕ್ಕೆಜೋಳ, ಶೇಂಗಾದ ಹೊಲಗಳು. ಮಳೆ ಕೈಕೊಟ್ಟ ವರ್ಷ ಮಲೆನಾಡಿನ ಕಾಫಿ ತೋಟಗಳಿಗೋ ಬೆಂಗಳೂರಿಗೋ ಗುಳೆ.

ಇಫ್ತಾರ್‌ಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಕೂಲಿ ಮುಗಿಸಿ ಬಂದು ಕೈಕಾಲು ತೊಳೆದು ಕುಳಿತಿದ್ದ ಪಿಂಜಾರ ಸಮುದಾಯದ ಹಿರಿಯರೊಬ್ಬರು ನಮ್ಮನ್ನು ಮಾತಿಗೆಳೆದರು. ನಾವು ಬರೆದ ಲೇಖನವೊಂದನ್ನು ಅವರ ಮೊಮ್ಮಗಳು ಓದಿ ಹೇಳಿದ್ದಳಂತೆ. “ಹಸಿವು ಏನಂತ ತಿಳ್ಕಳಾಕ ರೋಜಾ ಅಂತ ಬರ್ದೀರಿ ಸಾಹೇಬ್ರೇ. ಅದು ಉಳ್ಳೋರಿಗಾತು. ಹಸಿವು ಗೊತ್ತಿದ್ದೋನಿಗೆ ಯಾಕ್ರೀ ರೋಜಾ?” ಎಂದರು. ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ತಿಳಿಯುವ ಆಸೆಯಿತ್ತು. ನಾವು ಏನೋ ಒಂದು ಉತ್ತರ ಕೊಟ್ಟೆವು. ಅದು ಉತ್ತರವಾಗಿರಲಿಲ್ಲವೆಂಬುದು ಅವರಿಗೂ ತಿಳಿಯಿತು, ನಮಗೂ ತಿಳಿಯಿತು.

ಆ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಮ್ಮ ರಮಝಾನ್ ಬರಹಗಳನ್ನು ಮತ್ತೆ ಓದಿದಾಗ ಕಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಈ ಬರಹಗಳಲ್ಲಿ ಉಪವಾಸಕ್ಕೆ ಕೊಡುವ ಸಮರ್ಥನೆಗಳು ಮುಖ್ಯವಾಗಿ ಮೂರು. ಮೊದಲನೆಯದು ಆರೋಗ್ಯ. ಜೀರ್ಣಾಂಗಗಳಿಗೆ ವಿಶ್ರಾಂತಿ ಸಿಗುತ್ತದೆ, ಕೊಬ್ಬು ಕರಗುತ್ತದೆ, ವಿಜ್ಞಾನವೂ ಇದನ್ನು ಒಪ್ಪಿದೆ ಎಂಬ ವಾದ. 2016ರ ಬಳಿಕ ಇದಕ್ಕೆ ಹೊಸದೊಂದು ಸೇರಿಕೊಂಡಿತು. ಆ ವರ್ಷ ಜಪಾನಿನ ಯೋಶಿನೊರಿ ಒಸುಮಿ ಅವರಿಗೆ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು. ಉಪವಾಸದ ಲಾಭವನ್ನು ಸಾಬೀತುಪಡಿಸಿದ್ದಕ್ಕೇ ಪ್ರಶಸ್ತಿ ಬಂತೆಂದು ನಮ್ಮವರು ಬರೆದರು, ಹಂಚಿದರು. ವಾಸ್ತವದಲ್ಲಿ ಅವರ ಸಂಶೋಧನೆ ಜೀವಕೋಶವು ತನ್ನೊಳಗಿನ ಹಳೆಯ ಭಾಗಗಳನ್ನು ತಾನೇ ಒಡೆದು ಮರುಬಳಕೆ ಮಾಡುವ ಬಗೆಯ ಕುರಿತಾದದ್ದು. ಅವರು ಆಹಾರ ತಪ್ಪಿಸಿ ಪರೀಕ್ಷಿಸಿದ್ದು ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಕೋಶಗಳನ್ನು. ರಮಝಾನ್ ಉಪವಾಸ ಅವರ ವಿಷಯವೇ ಆಗಿರಲಿಲ್ಲ. ಸತ್ಯವನ್ನು ಕಲಿಸಬೇಕಾದ ತಿಂಗಳನ್ನು ಸಮರ್ಥಿಸಲು ಅಸತ್ಯದ ನೆರವು ಪಡೆಯುವುದು ಎಂತಹ ವಿಪರ್ಯಾಸ! ಇನ್ನು ಆರೋಗ್ಯವೇ ಉದ್ದೇಶವಾಗಿದ್ದರೆ, ದಿನವಿಡೀ ಬಿಸಿಲಲ್ಲಿ ಬೆವರು ಸುರಿಸುವ ಚಿಗಟೇರಿಯ ಕೂಲಿಕಾರನಿಗೆ ಕರಗಿಸಲು ಕೊಬ್ಬೆಲ್ಲಿದೆ?

ಎರಡನೆಯದು ಹಸಿವಿನ ಅರಿವು. ಬಡವರ ಸಂಕಟ ಶ್ರೀಮಂತರಿಗೆ ತಿಳಿಯಲೆಂದು ಉಪವಾಸ ಕಡ್ಡಾಯವಾಗಿದೆ ಎಂಬ ವಾದ. ಇದರಲ್ಲಿ ಸತ್ಯದ ಅಂಶವಿದೆ. ಹಸಿದು ನೋಡಿದವನ ಮನಸ್ಸು ಹಸಿದವನ ಕಡೆಗೆ ಬಾಗುತ್ತದೆ. ಆದರೆ ಈ ವಿವರಣೆಯ ಕೇಂದ್ರದಲ್ಲಿರುವವನು ಉಳ್ಳವನು. ಬಡವ ಅಲ್ಲಿ ಕೇವಲ ಪಾಠದ ಉದಾಹರಣೆ. ಇಸ್ಲಾಮ್ ಉಪವಾಸವನ್ನು ಇಬ್ಬರಿಗೂ ಒಂದೇ ರೀತಿ ವಿಧಿಸಿದೆ. ನಮ್ಮ ವಿವರಣೆ ಮಾತ್ರ ಅರ್ಧ ಸಮುದಾಯವನ್ನು ಹೊರಗಿಟ್ಟಿತು. ಹಿರಿಯರ ಪ್ರಶ್ನೆ ನೇರವಾಗಿ ತಾಗಿದ್ದು ಇಲ್ಲಿಗೇ.

ಮೂರನೆಯದು ಸೌಹಾರ್ದ. ಇಫ್ತಾರ್ ಕೂಟ, ಅದರಲ್ಲಿ ಭಾಗವಹಿಸಿದ ಗಣ್ಯರು, ಖರ್ಜೂರ ಹಿಡಿದ ಭಾವಚಿತ್ರ. ನೆರೆಯವರೊಂದಿಗೆ ಕುಳಿತು ಉಣ್ಣುವುದು ಒಳ್ಳೆಯ ಕೆಲಸ, ಅದನ್ನು ನಾವು ಹಳಿಯುವುದಿಲ್ಲ. ಆದರೆ ಹದಿಮೂರು ಹದಿನಾಲ್ಕು ಗಂಟೆಗಳ ಮೌನ ಆರಾಧನೆಯ ವರದಿ ಕೊನೆಯ ಹದಿನೈದು ನಿಮಿಷಗಳ ತಿಂಡಿಗೆ ಸೀಮಿತವಾದರೆ, ಓದುಗನಿಗೆ ರಮಝಾನ್ ಎಂದರೆ ಸಮೋಸ ಮತ್ತು ಹಲೀಮ್ ಎಂದೇ ತೋರುತ್ತದೆ. ಉಪವಾಸ ತೊರೆದಾಗ ಹೊಟ್ಟೆ ಬಿರಿಯುವಂತೆ ತಿಂದು, ಹಗಲಿಡೀ ಬಿಟ್ಟದ್ದನ್ನು ರಾತ್ರಿ ಬಡ್ಡಿ ಸಮೇತ ವಸೂಲಿ ಮಾಡುವವರ ಬಗ್ಗೆ 1111ರಲ್ಲಿ ತೀರಿಕೊಂಡ ಇಮಾಮ್ ಗಝ್ಝಾಲಿಯವರೇ ತಮ್ಮ ‘ಇಹ್ಯಾ’ ಗ್ರಂಥದಲ್ಲಿ ಎಚ್ಚರಿಸಿದ್ದಾರೆ. ರೋಗ ಹಳೆಯದು, ಭಾವಚಿತ್ರ ಮಾತ್ರ ಹೊಸದು.

ಈ ಮೂರೂ ಸಮರ್ಥನೆಗಳು ತಪ್ಪೆಂದು ನಾವು ಹೇಳುತ್ತಿಲ್ಲ. ಇವು ಉಪವಾಸದ ಬದಿಯಲ್ಲಿ ಬೆಳೆಯುವ ಫಲಗಳು. ಬೇರು ಎಲ್ಲಿದೆ ಎಂಬುದು ಪ್ರಶ್ನೆ.

ಮೊದಲು ಪದಗಳನ್ನು ನೋಡೋಣ. ಉತ್ತರ ಮತ್ತು ಮಧ್ಯ ಕರ್ನಾಟಕದ ಮುಸ್ಲಿಮರು ಹೇಳುವ ‘ರೋಜಾ’ ಪಾರಸಿ ಮೂಲದ್ದು, ದಿನ ಎಂಬರ್ಥದ ‘ರೋಜ್’ನಿಂದ ಬಂದದ್ದು. ಕರಾವಳಿಯ ಬ್ಯಾರಿಗಳು ‘ನೋಂಬು’ ಎನ್ನುತ್ತಾರೆ. ಹಳಗನ್ನಡದ ಜೈನ ಪರಂಪರೆ ವ್ರತಕ್ಕೆ ಬಳಸಿದ ‘ನೋಂಪಿ’ ಇದರ ಒಡಹುಟ್ಟು. ಕುರ್‌ಆನ್ ಬಳಸುವ ‘ಸೌಮ್’, ‘ಸಿಯಾಮ್’ ಪದಗಳ ಮೂಲಾರ್ಥ ತಡೆದು ನಿಲ್ಲುವುದು. ಈ ಪದ ಅನ್ನ ನೀರಿಗೆ ಮಾತ್ರ ಸೇರಿದ್ದಲ್ಲ. ಮರ್ಯಮ್ ಅಧ್ಯಾಯದ 26ನೇ ಸೂಕ್ತದಲ್ಲಿ, ಮಗುವನ್ನು ಹೆತ್ತ ಮರ್ಯಮ್ ಯಾರೊಡನೆಯೂ ಮಾತಾಡದಿರುವ ಹರಕೆ ಹೊರುವ ಸಂದರ್ಭದಲ್ಲಿ ಬಳಕೆಯಾಗಿರುವುದೂ ‘ಸೌಮ್’ ಪದವೇ. ಅಂದರೆ ಮೌನವೂ ಒಂದು ಉಪವಾಸ.

ನಮ್ಮ ‘ಉಪವಾಸ’ ಪದ ಇನ್ನೂ ಕುತೂಹಲದ್ದು. ಬಳಕೆಯಲ್ಲಿ ಅದು ಊಟ ಬಿಡುವುದು ಎಂದಷ್ಟೇ ಆಗಿದೆ. ಹಳ್ಳಿಯಲ್ಲಿ ‘ಉಪಾಸ ಬಿದ್ದ’ ಎಂದರೆ ಗತಿಯಿಲ್ಲದೆ ಹಸಿದ ಎಂದೇ ಅರ್ಥ. ಆದರೆ ಪದವನ್ನು ಬಿಡಿಸಿದರೆ ‘ಉಪ’ ಎಂದರೆ ಹತ್ತಿರ, ‘ವಾಸ’ ಎಂದರೆ ಇರುವಿಕೆ. ಹತ್ತಿರ ಇರುವುದು. ಯಾರ ಹತ್ತಿರ? ಈ ಪ್ರಶ್ನೆಯನ್ನು ಇಟ್ಟುಕೊಂಡು ಕುರ್‌ಆನ್‌ನ ಕಡೆಗೆ ಹೋಗೋಣ.

ರಮಝಾನ್ ಉಪವಾಸದ ವಿಧಿಗಳು ಬರುವುದು ಅಲ್ ಬಕರಃ ಅಧ್ಯಾಯದಲ್ಲಿ, 183ನೇ ಸೂಕ್ತದಿಂದ. ಅದು ಕಡ್ಡಾಯವಾದದ್ದು ಹಿಜರಿ 2ನೇ ವರ್ಷ, ಅಂದರೆ ಕ್ರಿ.ಶ. 624ರಲ್ಲಿ. ನಮ್ಮ ಬಹುತೇಕ ಲೇಖನಗಳು 183 ಮತ್ತು 185ನೇ ಸೂಕ್ತಗಳನ್ನು ಉಲ್ಲೇಖಿಸಿ ನಿಂತುಬಿಡುತ್ತವೆ. ಮೊದಲನೆಯದು ಉಪವಾಸದ ಗುರಿ ತಖ್ವಾ ಎನ್ನುತ್ತದೆ, ಎರಡನೆಯದು ಅದು ಕುರ್‌ಆನ್ ಅವತೀರ್ಣಗೊಂಡ ತಿಂಗಳು ಎನ್ನುತ್ತದೆ. ತಖ್ವಾವನ್ನು ಕನ್ನಡದಲ್ಲಿ ದೇವಭಯ, ದೇವಭಕ್ತಿ, ಧರ್ಮನಿಷ್ಠೆ ಎಂದು ಬಗೆಬಗೆಯಾಗಿ ಅನುವಾದಿಸಲಾಗಿದೆ. ಆ ಪದದ ಧಾತುವಿನಲ್ಲಿರುವ ಅರ್ಥ ಕಾಪಾಡಿಕೊಳ್ಳುವುದು, ಕಾವಲಿರುವುದು. ಮುಳ್ಳಿನ ಹಾದಿಯಲ್ಲಿ ನಡೆಯುವವನು ಬಟ್ಟೆಯನ್ನು ಒತ್ತಿ ಹಿಡಿದು ಹೆಜ್ಜೆಯಿಡುವ ಎಚ್ಚರ ಅದು.

ಈಗ 186ನೇ ಸೂಕ್ತಕ್ಕೆ ಬನ್ನಿ. ಮೇಲುನೋಟಕ್ಕೆ ಅದರಲ್ಲಿ ಉಪವಾಸದ ಪ್ರಸ್ತಾಪವೇ ಇಲ್ಲ. ರೋಗಿ, ಪ್ರಯಾಣಿಕ, ದಿನಗಳ ಲೆಕ್ಕ ಎಂದು ಸಾಗುತ್ತಿದ್ದ ನಿಯಮಗಳ ನಡುವೆ ಮಾತಿನ ಧಾಟಿ ಥಟ್ಟನೆ ಬದಲಾಗುತ್ತದೆ. ದಾಸರು ತನ್ನ ಬಗ್ಗೆ ಕೇಳಿದರೆ ತಾನು ಸಮೀಪದಲ್ಲೇ ಇದ್ದೇನೆ, ಕರೆದವನ ಕರೆಗೆ ಓಗೊಡುತ್ತೇನೆ ಎಂಬ ಭರವಸೆಯನ್ನು ಅಲ್ಲಾಹನು ಅಲ್ಲಿ ನೀಡುತ್ತಾನೆ. ಅದರ ಮರುಸೂಕ್ತದಲ್ಲಿ ಮತ್ತೆ ನಿಯಮಗಳು ಮುಂದುವರಿಯುತ್ತವೆ. ಈ ಸೂಕ್ತ ಇಲ್ಲೇಕೆ ಬಂತು? ಉಪವಾಸದ ಹೃದಯ ಇದೇ ಆಗಿರುವುದರಿಂದ ಎಂಬುದು ನಮ್ಮ ತಿಳುವಳಿಕೆ. ಗುರಿ ಹಸಿವಲ್ಲ, ಸಾಮೀಪ್ಯ. ಉಪವಾಸ ಎಂಬ ಕನ್ನಡ ಪದದೊಳಗೆ ನಾವು ಮರೆತ ಅರ್ಥವೂ ಕುರ್‌ಆನ್‌ನ ಈ ಭರವಸೆಯೂ ಇಲ್ಲಿ ಭೇಟಿಯಾಗುತ್ತವೆ. ಮೂಲದಲ್ಲಿ ಬೇರೆ ಬೇರೆಯಾದ ಎರಡು ಪರಂಪರೆಗಳ ಮಾತುಗಳು ಹೀಗೆ ಒಂದೆಡೆ ಕೂಡಿದಾಗ ಕನ್ನಡದ ಮುಸ್ಲಿಮನಿಗೆ ಸಂತೋಷವಾಗಬೇಕು.

ಈ ಸಾಮೀಪ್ಯದ ಪರೀಕ್ಷೆ ನಡೆಯುವುದು ಏಕಾಂತದಲ್ಲಿ. ನಮಾಝನ್ನು ನಾಲ್ಕು ಜನ ನೋಡುತ್ತಾರೆ, ಹಜ್ಜ್‌ಗೆ ಹೊರಟವನನ್ನು ಊರೇ ಬೀಳ್ಕೊಡುತ್ತದೆ, ಝಕಾತ್ ಪಡೆದವನಿಗೆ ಕೊಟ್ಟವನು ಯಾರೆಂದು ಗೊತ್ತಿರುತ್ತದೆ. ಉಪವಾಸವನ್ನು ಮಾತ್ರ ಯಾರೂ ನೋಡಲಾರರು. ಬಾಗಿಲು ಹಾಕಿ ಒಂದು ಲೋಟ ನೀರು ಕುಡಿದು ಬಾಯೊರೆಸಿಕೊಂಡು ಬಂದರೆ ಲೋಕದ ದೃಷ್ಟಿಯಲ್ಲಿ ಅವನು ಉಪವಾಸಿಗನೇ. ಎಲ್ಲ ಕರ್ಮಗಳ ನಡುವೆ ಉಪವಾಸವನ್ನು ಅಲ್ಲಾಹನು ತನಗೇ ಸೇರಿದ್ದೆಂದೂ ಪ್ರತಿಫಲವನ್ನು ತಾನೇ ಕೊಡುವನೆಂದೂ ಪ್ರವಾದಿ(ಸ) ತಿಳಿಸಿರುವುದರ ಒಂದು ಮರ್ಮ ಇದೇ ಎಂದು ವಿದ್ವಾಂಸರು ವಿವರಿಸಿದ್ದಾರೆ. ಹಾಗಿರುವಾಗ ನಮ್ಮ ಬರಹಗಳು ಈ ಕಾಣದ ಆರಾಧನೆಯನ್ನು ಕಾಣುವ ಲಾಭಗಳಿಂದಲೇ ಅಳೆಯುತ್ತ ಬಂದವು.

ಹಾಗಾದರೆ ಈ ಸಾಮೀಪ್ಯದ ಗುರುತೇನು? ಅದಕ್ಕೆ ಉತ್ತರವನ್ನು ಚಿಗಟೇರಿಯ ನೆರೆಹೊರೆಯ ಜನ ತಮ್ಮದೇ ರೀತಿಯಲ್ಲಿ ಬಲ್ಲರು. ಪಕ್ಕದ ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಬಳಿಕ ಡೆಂಕನಮರಡಿಯಲ್ಲಿ ಕಾರ್ಣಿಕ ನಡೆಯುತ್ತದೆ. ಹಲವು ದಿನ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗುತ್ತಾರೆ. ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಆಮೇಲೆ ಒಂದು ನುಡಿ. ಭವಿಷ್ಯ ನುಡಿಯುವ ನಂಬಿಕೆಯಲ್ಲಿ ನಮಗೂ ಅವರಿಗೂ ಭೇದವಿದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಹಸಿದ ಬಾಯಿಯಿಂದ ಹೊರಡುವ ಮಾತಿಗೆ ತೂಕವಿರಬೇಕು, ನಾಲಿಗೆ ಶುದ್ಧವಾಗದೆ ಹೊಟ್ಟೆ ಬರಿದಾಗಿ ಪ್ರಯೋಜನವಿಲ್ಲ ಎಂಬ ತಿಳುವಳಿಕೆ ಆ ಮೌನದಲ್ಲಿದೆ. ಸುಳ್ಳು ಮಾತನ್ನೂ ಅದರಂತೆ ನಡೆಯುವುದನ್ನೂ ಬಿಡದವನು ಅನ್ನ ನೀರು ಬಿಡುವುದು ಅಲ್ಲಾಹನಿಗೆ ಬೇಕಿಲ್ಲವೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಇಮಾಮ್ ಗಝ್ಝಾಲಿ ಉಪವಾಸಕ್ಕೆ ಮೂರು ದರ್ಜೆಗಳನ್ನು ಹೇಳುವಾಗ ಹೊಟ್ಟೆಯ ಉಪವಾಸವನ್ನು ಕೆಳಗಿನ ಮೆಟ್ಟಿಲಲ್ಲಿಟ್ಟರು. ಅದರ ಮೇಲೆ ಕಣ್ಣು, ಕಿವಿ, ನಾಲಿಗೆ, ಕೈಕಾಲುಗಳ ಉಪವಾಸ. ಎಲ್ಲಕ್ಕಿಂತ ಮೇಲೆ ಹೃದಯದ ಉಪವಾಸ. ನಮ್ಮ ಲೇಖನಗಳು ಮೊದಲ ಮೆಟ್ಟಿಲಲ್ಲೇ ಸುತ್ತುತ್ತಿವೆ.

ಮತ್ತೆ ಸೂಕ್ತಗಳಿಗೆ ಮರಳೋಣ. 187ನೇ ಸೂಕ್ತ ಉಪವಾಸದ ರಾತ್ರಿಗಳ ನಿಯಮಗಳನ್ನು ತಿಳಿಸಿ, ಇವು ಅಲ್ಲಾಹನ ಮೇರೆಗಳು, ಇವುಗಳ ಹತ್ತಿರ ಸುಳಿಯಬೇಡಿ ಎಂಬ ಎಚ್ಚರಿಕೆಯೊಂದಿಗೆ ಮುಗಿಯುತ್ತದೆ. ದೇವನು ಹತ್ತಿರವಿದ್ದಾನೆ, ಅವನ ಮೇರೆಗಳಿಂದ ದೂರವಿರಿ. ಉಪವಾಸದ ವಿಧಿಗಳು ಅಲ್ಲಿಗೆ ಮುಗಿದವು. ಆದರೆ ಮಾತು ಮುಗಿಯಲಿಲ್ಲ. ಅದರ ಬೆನ್ನಿಗೇ ಬರುವ 188ನೇ ಸೂಕ್ತ ಪರಸ್ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನುವುದನ್ನು ನಿಷೇಧಿಸುತ್ತದೆ. ಜನರ ಸೊತ್ತಿನ ಒಂದು ಪಾಲನ್ನು ನುಂಗಲು ಅಧಿಕಾರಸ್ಥರ ಬಾಗಿಲಿಗೆ ವ್ಯವಹಾರ ಒಯ್ಯುವುದನ್ನೂ ನಿಷೇಧಿಸುತ್ತದೆ.

ಈ ಜೋಡಣೆಯನ್ನು ಗಮನಿಸಬೇಕು. ಇಡೀ ತಿಂಗಳು ಹಗಲಲ್ಲಿ ನಾವು ಬಿಟ್ಟದ್ದು ಏನು? ಧರ್ಮಸಮ್ಮತವಾದ ಅನ್ನ, ಸ್ವಂತ ಬಾವಿಯ ನೀರು. ನಮ್ಮದನ್ನೇ ನಮ್ಮ ದೇವನ ಅಪ್ಪಣೆಯಂತೆ ಮುಟ್ಟದಿರಲು ಕಲಿತವರು, ನಮ್ಮದಲ್ಲದ್ದನ್ನು ಹನ್ನೆರಡು ತಿಂಗಳೂ ಮುಟ್ಟದಿರಬೇಕಲ್ಲವೇ? ಮೂವತ್ತು ದಿನಗಳದು ಅಭ್ಯಾಸ, 188ನೇ ಸೂಕ್ತದ್ದು ಪರೀಕ್ಷೆ. ತೂಕದಲ್ಲಿ ಹೊಡೆಯುವ ಕೈ, ಸಹೋದರಿಯ ಪಾಲಿನ ಆಸ್ತಿಯನ್ನು ಬರೆಸಿಕೊಳ್ಳುವ ಸಹಿ, ಕಚೇರಿಯ ಮೇಜಿನಡಿ ಸರಿಯುವ ಲಕೋಟೆ, ಇವೆಲ್ಲ ಈ ಸೂಕ್ತದ ವ್ಯಾಪ್ತಿಗೆ ಬರುತ್ತವೆ. ನಮಾಝ್, ಉಪವಾಸ, ಝಕಾತ್‌ಗಳ ಗಂಟಿನೊಂದಿಗೆ ಪರಲೋಕಕ್ಕೆ ಬಂದು, ಯಾರನ್ನೋ ನಿಂದಿಸಿದ, ಯಾರದೋ ಸೊತ್ತು ತಿಂದ ಲೆಕ್ಕಕ್ಕೆ ಅವೆಲ್ಲವನ್ನೂ ಕಳೆದುಕೊಂಡು ಬರಿಗೈಯಾಗುವವನನ್ನೇ ನಿಜವಾದ ದಿವಾಳಿಕೋರನೆಂದು ಪ್ರವಾದಿ(ಸ) ಕರೆದರು. ರಮಝಾನ್ ವಿಶೇಷಾಂಕಗಳಲ್ಲಿ ಈ ದಿವಾಳಿಕೋರನ ಕುರಿತ ಲೇಖನವನ್ನು ನಾವು ಎಷ್ಟು ಬಾರಿ ಓದಿದ್ದೇವೆ?

ಚಿಗಟೇರಿಯ ಆ ಸಂಜೆ ಇನ್ನೊಂದು ಸಂಗತಿಯೂ ಹೊರಬಂದಿತ್ತು. ಹಿರಿಯರಿಗೆ ಮೂರು ವಾರಗಳ ಕೂಲಿ ಬಾಕಿಯಿತ್ತು. ಕೊಡಬೇಕಾದವನೂ ಉಪವಾಸಿಗನೇ, ತರಾವೀಹ್‌ನ ಮೊದಲ ಸಾಲಿನವನೇ. ಹಬ್ಬದ ಹೊತ್ತಿಗೆ ಕೊಡುತ್ತೇನೆ ಎಂದಿದ್ದನಂತೆ. ಹಬ್ಬದಂದು ಕೊಡುವ ಹಣ ಬಾಕಿ ಕೂಲಿಯೋ ದಾನವೋ ಎಂಬ ಗೊಂದಲ ಕೊಡುವವನಲ್ಲೇ ಹುಟ್ಟಿಬಿಡುತ್ತದೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ವಚನ ನಮ್ಮ ಕ್ಯಾಲೆಂಡರುಗಳಲ್ಲಿ ಅಚ್ಚಾಗುತ್ತದೆ. ಕ್ಯಾಲೆಂಡರು ತೂಗುಹಾಕಿದ ಗೋಡೆಯ ಕೆಳಗೇ ಬಾಕಿಯ ಪುಸ್ತಕವೂ ಇರುತ್ತದೆ.

ಬಡವನ ಘನತೆಯ ವಿಷಯದಲ್ಲಿ ಇಸ್ಲಾಮ್ ನಮ್ಮ ಲೇಖನಗಳಿಗಿಂತ ಬಹಳ ಮುಂದಿದೆ. ಈದ್ ನಮಾಝ್‌ಗೆ ಮುನ್ನ ಕೊಡಬೇಕಾದ ಫಿತ್ರ್ ಝಕಾತನ್ನೇ ನೋಡಿ. ಮನೆಯ ಹಸುಗೂಸಿನ ಹೆಸರಲ್ಲೂ ಒಂದು ಸಾಅ್, ಎಂದರೆ ಸುಮಾರು ಎರಡೂವರೆಯಿಂದ ಮೂರು ಕಿಲೋ ಊಟದ ಧಾನ್ಯ. ಹನಫಿ ಮದ್‌ಹಬ್‌ನಲ್ಲಿ ಇದಕ್ಕೆ ನಿಸಾಬ್‌ನ ಷರತ್ತಿದೆ. ಶಾಫಿಈ ಮದ್‌ಹಬ್‌ನಲ್ಲಾದರೋ ಹಬ್ಬದ ದಿನದ ಅಗತ್ಯ ಕಳೆದು ಮಿಕ್ಕಿದ್ದರೆ ಸಾಕು, ಬಡವನೂ ಕೊಡುವವನಾಗುತ್ತಾನೆ. ತೆಗೆದುಕೊಳ್ಳುವ ಕೈಯೇ ಒಂದು ದಿನ ಕೊಡುವ ಕೈಯಾಗುತ್ತದೆ. ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳಲ್ಲಿ ಪೂರ್ತಿ ಮಾಡುವ ರಿಯಾಯಿತಿಯಿದೆ. ಅಲ್ಲಾಹನು ಸುಲಭವನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಎಂಬ ತತ್ವ ಬರುವುದೂ 185ನೇ ಸೂಕ್ತದಲ್ಲೇ. ಚಾಂದ್ರಮಾನ ವರ್ಷ ಸುಮಾರು 354 ದಿನಗಳದ್ದಾದ್ದರಿಂದ ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. 2015ರಲ್ಲಿ ಜೂನ್‌ನಲ್ಲಿ ಆರಂಭವಾದದ್ದು 2025ರಲ್ಲಿ ಮಾರ್ಚ್ ಮೊದಲ ವಾರಕ್ಕೆ ಸರಿದಿತ್ತು. ಸುಮಾರು 33 ವರ್ಷಗಳಲ್ಲಿ ಅದು ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಬಿತ್ತನೆ, ಸುಗ್ಗಿ, ಬಿರುಬೇಸಿಗೆ, ಗುಳೆಯ ಕಾಲ ಯಾವುದೂ ಶಾಶ್ವತವಾಗಿ ಒಬ್ಬರ ಪಾಲಿಗೇ ಬರುವುದಿಲ್ಲ.

ಸುಲಭದ ಮಾತು ಬಂದಾಗ ಮನೆಯೊಳಗಿನ ಒಂದು ಕಷ್ಟವನ್ನೂ ಹೇಳಲೇಬೇಕು. ಸಹರಿಗೆ ಎಲ್ಲರಿಗಿಂತ ಮುಂಚೆ ಏಳುವವಳು, ಇಫ್ತಾರ್‌ನ ಕೊನೆಯ ಗಳಿಗೆವರೆಗೂ ಒಲೆಯ ಮುಂದಿರುವವಳು ಮನೆಯ ಹೆಣ್ಣುಮಗಳು. ಅವಳೂ ಉಪವಾಸಿಗಳೇ. ಬಗೆಬಗೆಯ ಖಾದ್ಯಗಳು ಹೆಚ್ಚಾದಷ್ಟೂ ಅವಳ ಕುರ್‌ಆನ್ ಪಾರಾಯಣದ, ಪ್ರಾರ್ಥನೆಯ, ವಿಶ್ರಾಂತಿಯ ವೇಳೆ ಕಡಿಮೆಯಾಗುತ್ತದೆ. ಸಾಮೀಪ್ಯದ ತಿಂಗಳಲ್ಲಿ ಒಬ್ಬರನ್ನು ಅಡುಗೆಮನೆಯಲ್ಲಿ ಕೂಡಿಹಾಕಿ ಮಿಕ್ಕವರು ದೇವನಿಗೆ ಹತ್ತಿರವಾಗುತ್ತೇವೆಂದು ತಿಳಿಯುವುದು ಸರಿಯೇ?

ಈಗ ಹಿರಿಯರ ಪ್ರಶ್ನೆಗೆ ಬರೋಣ. ಹಸಿವು ಗೊತ್ತಿದ್ದವನಿಗೆ ಉಪವಾಸ ಏಕೆ? ಗತಿಯಿಲ್ಲದ ಹಸಿವು ಮನುಷ್ಯನನ್ನು ಕುಗ್ಗಿಸುತ್ತದೆ. ಅಲ್ಲಿ ಆಯ್ಕೆಯಿಲ್ಲ. ಉಪವಾಸದ ಹಸಿವು ಅವನೇ ಆರಿಸಿಕೊಂಡದ್ದು, ಎದುರಿಗೆ ರೊಟ್ಟಿಯಿದ್ದೂ ತನ್ನ ಒಡೆಯನಿಗಾಗಿ ತಡೆದುಕೊಂಡದ್ದು. ಹನ್ನೊಂದು ತಿಂಗಳು ಹಸಿವು ಅವನನ್ನು ಆಳಿದರೆ ಈ ಒಂದು ತಿಂಗಳು ಅವನು ಹಸಿವನ್ನು ಆಳುತ್ತಾನೆ. ಉಳ್ಳವನೂ ಇಲ್ಲದವನೂ ಒಂದೇ ಬಾಗಿಲಲ್ಲಿ, ಒಂದೇ ಒಡೆಯನ ಸಮೀಪ, ಒಂದೇ ಅಝಾನ್‌ಗೆ ಕಾಯುತ್ತಾರೆ. ಅಲ್ಲಿ ಬಡವ ಯಾರ ಪಾಠಕ್ಕೂ ಉದಾಹರಣೆಯಲ್ಲ. ಅವನೇ ಕರೆಯುವವನು, ಅವನ ಕರೆಗೇ ಉತ್ತರ.

ಇದನ್ನು ನಾವು ಅಂದು ಹೇಳಲಾರದೆ ಹೋದೆವು. ನಮ್ಮ ತಡವರಿಕೆಯನ್ನು ಕಂಡು ಹಿರಿಯರು ತಾವೇ ಮಾತು ಮುಂದುವರಿಸಿದ್ದರು. ಮಧ್ಯಾಹ್ನ ಹೊಲದಲ್ಲಿ ಒಬ್ಬರೇ ಇದ್ದರಂತೆ. ಬೇವಿನ ನೆರಳಲ್ಲಿ ತಣ್ಣೀರಿನ ಕೊಡ. “ಗಂಟ್ಲು ಒಣಗಿತ್ರೀ. ಸುತ್ತ ಒಂದು ನರಪಿಳ್ಳೆ ಇಲ್ಲ. ಕೊಡ ನೋಡ್ದೆ, ಮುಖ ತಿರುಗ್ಸಿ ಕುಂತೆ” ಎಂದರು. ಯಾಕೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಷ್ಟರಲ್ಲಿ ಅಝಾನ್ ಆಯಿತು. ಅವರು ಖರ್ಜೂರವೊಂದನ್ನು ಮೊದಲು ನಮ್ಮ ಕೈಗಿತ್ತರು.

ರಮಝಾನ್ ಕುರಿತು ಬರೆಯುವ ನಾವೆಲ್ಲರೂ ಆ ಕೊಡದ ಮುಂದೆ ಒಮ್ಮೆ ಕುಳಿತೆದ್ದು ಬರಬೇಕಾಗಿದೆ. ಇನ್ನು ಓದುವ ನಾವೆಲ್ಲರೂ, ಈದ್‌ನ ಚಂದ್ರದರ್ಶನಕ್ಕೆ ಮುನ್ನ ನಮ್ಮ ಬಾಕಿಯ ಪುಸ್ತಕವನ್ನು ಒಮ್ಮೆ ತೆರೆದು ನೋಡೋಣ. ಯಾರ ಕೂಲಿ ನಮ್ಮಲ್ಲಿ ಉಳಿದಿದೆ, ಯಾರ ಪಾಲು ನಮ್ಮ ತಟ್ಟೆಯಲ್ಲಿದೆ, ಯಾರ ಮಾನ ನಮ್ಮ ನಾಲಿಗೆಯಲ್ಲಿ ಸಿಕ್ಕಿಕೊಂಡಿದೆ? ಅದನ್ನು ಹಿಂದಿರುಗಿಸಿದ ಮೇಲೆ ಮಾಡುವ ಇಫ್ತಾರ್ ಎರಡು ಗುಟುಕು ನೀರಿನದ್ದಾದರೂ ಸಾಕು.